ಕೊಸರು ಮತ್ತು ಲೆಕ್ಕಾಚಾರ

ಮನುಷ್ಯ ಸದಾ ತನ್ನ ಲಾಭವನ್ನು ಲೆಕ್ಕ ಹಾಕಿಯೇ ನಡೆಯುತ್ತಾನೆ ಎಂಬುದು ಅರ್ಥಶಾಸ್ತ್ರದ ಒಂದು ಮಾದರಿಯ ಗೃಹೀತ. ಇದು ನಿಜವೇ ಎಂದು ಕೇಳಿದರೆ ಸಿಗುವ ಒಂದು ಉತ್ತರ ಹೀಗಿದೆ: ಮರದ ಪ್ರತಿಯೊಂದು ಎಲೆಯೂ ಹೆಚ್ಚು ಬಿಸಿಲು ಸಿಗುವ ಜಾಗವನ್ನು ತಾನೇ ಲೆಕ್ಕ ಹಾಕಿ ಆರಿಸಿಕೊಂಡಿದೆ ಎಂದು ಭಾವಿಸಿದರೂ ಎಲೆಗಳ ಹರವನ್ನು ಸರಿಯಾಗಿಯೇ ಊಹಿಸಬಹುದು. ಹಾಗಾಗಿ ಊಹೆ ಫಲಿಸಿದರೆ ಸಾಕು, ಗೃಹೀತ ವಾಸ್ತವವೇ ಎಂದು ಕೇಳಬೇಕಿಲ್ಲ ಎಂಬುದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1953ರಲ್ಲಿ ಮಂಡಿಸಿದ ವಾದ. ಮುನ್ಸೂಚನೆಯಷ್ಟೇ ಬೇಕಾದವರಿಗೆ ಇದು ಸಾಕಾದೀತು. ಕಾರಣ ತಿಳಿಯಬಯಸುವವರಿಗೆ ಸಾಲದು. ಇವತ್ತು ಸಂತೆಯಲ್ಲಿ, ಮತ್ತೆ ಅತ್ತ ಸುಳಿಯುವ ಸಂಭವವೇ ಇಲ್ಲದ ಅಪರಿಚಿತನಾದ ನನಗೆ ಸೊಪ್ಪಿನಾಕೆ ಕೇಳದೆಯೇ ಒಂದು ಹಿಡಿ ಕೊತ್ತಂಬರಿಯನ್ನು ಕೊಸರಾಗಿ ಹಾಕಿದಾಗ, ಅದರಿಂದ ಆಕೆಗೆ ದೊರೆತ ಸಂತೋಷವೂ ಒಂದು ಲಾಭವೇ ಎಂದು ಹೇಳಿ ಆ ಮಾದರಿಯನ್ನು ಉಳಿಸಿಕೊಳ್ಳಬಹುದಿತ್ತು. ಯಾರು ಏನೇ ಮಾಡಿದರೂ ಅದನ್ನು ಸ್ವಹಿತವೆಂದೇ ವ್ಯಾಖ್ಯಾನಿಸಿಬಿಡುವ ಈ ಜಾಣತನವನ್ನು ಅಮರ್ತ್ಯ ಸೇನ್ 1977ರಲ್ಲೇ ಗುರುತಿಸಿದ್ದರು. ಆಕೆ ಕೊಡದೇ ಹೋಗಿದ್ದರೂ ಅದೇ ವಿವರಣೆ ಅಷ್ಟೇ ಚೆನ್ನಾಗಿ ಹೊಂದುತ್ತಿತ್ತು.