ಕಲ್ಲಿನ ಮೇಲೆ ಗಂಡನ ಹೆಸರು

ನನ್ನ ದೊಡ್ಡಮ್ಮನ ಮಗ ಅಮೆರಿಕದ ಓಕ್ಲಹೋಮಾದಲ್ಲಿ ನೆಲೆಸಿದ್ದಾನೆ. ಅವನ ಹೆಂಡತಿ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನಾಂಗದವರು. ಕಳೆದ ಡಿಸೆಂಬರಿನಲ್ಲಿ ಮಂಗಳೂರಿಗೆ ಬಂದಿದ್ದಾಗ, ನಾನು ನಮ್ಮ ಕ್ರೈಸ್ತ ಸಭೆಯ ಹಳೆಯ ಸಮಾಧಿಭೂಮಿಯಲ್ಲಿ ಹಿರಿಯರ ಕಲ್ಲುಗಳನ್ನು ಹುಡುಕುತ್ತಿರುವುದು ತಿಳಿದು, ಅತ್ತಿಗೆ ಒಂದು ಬೆಳಿಗ್ಗೆ ನನ್ನೊಡನೆ ಹೊರಟರು.

ನನ್ನ ತಾಯಿಯ ತಾಯಿಯ ಅಜ್ಜಿಯ ಸಮಾಧಿ ಕೆಂಪುಕಲ್ಲಿನದು, ಗಾರೆ ಉದುರಿ ಪಾಚಿ ಕಪ್ಪಗಾಗಿದೆ. ತಂತಿಬ್ರಷ್ ಹಾಕಲು ಹೊರಟ ನನ್ನನ್ನು ತಡೆದು, ಅತ್ತಿಗೆ ಬರಿಯ ನೀರು ಹನಿಸಿ, ಮೊಬೈಲಿನ ಟಾರ್ಚನ್ನು ಕಲ್ಲಿನ ಬದಿಗೆ ಒರಗಿಸಿ ಹಿಡಿದರು. ಓರೆಯಾಗಿ ಬಿದ್ದ ಬೆಳಕಿಗೆ ಅಕ್ಷರಗಳ ನೆರಳು ಎದ್ದು ನಿಂತಿತು: ಇಂಥವರ ಪತ್ನಿ, ಕರ್ತನಲ್ಲಿ ನಿದ್ರಿಸಿದಳು. ಗಂಡನ ಹೆಸರು ದಪ್ಪಕ್ಷರದಲ್ಲಿತ್ತು, ಅವಳದ್ದು ಅರ್ಧ ಸವೆದಿತ್ತು. ಅದನ್ನು ಓದಿ ಹೇಳಿದಾಗ ಅತ್ತಿಗೆ ನಕ್ಕರು. ಅವರಲ್ಲೂ ಕುಲ ಬರುವುದು ತಾಯಿಯಿಂದ. ಏಳು ಕುಲಗಳಿವೆ, ಸ್ವಕುಲದಲ್ಲಿ ಮದುವೆ ನಿಷಿದ್ಧ. ನಮ್ಮ ತುಳುನಾಡಿನಲ್ಲಿ ತಾಯಿಯಿಂದ ಬರುವ ಕುಲವಾದ ‘ಬರಿ’ಯನ್ನು ಅವರಿಗೆ ವಿವರಿಸುವ ಕಷ್ಟವೇ ನನಗೆ ಬರಲಿಲ್ಲ.

1838-39ರಲ್ಲಿ ಸುಮಾರು 16,000 ಚೆರೋಕಿಗಳನ್ನು ಜಾರ್ಜಿಯಾ ಮತ್ತು ಸುತ್ತಲಿನ ಪ್ರದೇಶಗಳಿಂದ ಪಶ್ಚಿಮಕ್ಕೆ ಅಟ್ಟಲಾಯಿತು. ದಂಡಿನ ಶಿಬಿರಗಳಲ್ಲೂ ದಾರಿಯಲ್ಲೂ ಸತ್ತವರು ಸುಮಾರು 4,000 ಎಂಬ ಅಂದಾಜಿದೆ. ಅವರಲ್ಲಿ ಹೆಚ್ಚಿನವರ ಸಮಾಧಿಗೆ ಗುರುತಿಲ್ಲ. ಆಮೇಲಿನ ಹಳೆಯ ಸಮಾಧಿಗಳಲ್ಲೂ ಹಲವಕ್ಕೆ ಹೊಲದ ಕಾಡುಗಲ್ಲೇ ಗುರುತು. ಕೆಲವು ಕಲ್ಲುಗಳ ಮೇಲೆ ಸೆಕೋಯಾ ಎಂಬಾತ 1821ರಲ್ಲಿ ರೂಪಿಸಿ ಮುಗಿಸಿದ ಚೆರೋಕಿ ಲಿಪಿಯಿದೆ, ಅದನ್ನು ಓದಬಲ್ಲವರನ್ನು ಹುಡುಕಬೇಕು. ಕಲ್ಲು ಸಿಕ್ಕಿದರೂ ಚೆರೋಕಿಗಳ ಸ್ವಂತ ಸರ್ಕಾರವಾದ ಚೆರೋಕಿ ನೇಷನ್ನಿನ ಪೌರತ್ವಕ್ಕೆ ಅದು ಸಾಕ್ಷಿಯಾಗದು: ಮುಖ್ಯವಾಗಿ 1898ರಿಂದ 1906ರವರೆಗೆ ಅಮೆರಿಕ ಸರ್ಕಾರ ಸಿದ್ಧಪಡಿಸಿದ, ಬುಡಕಟ್ಟಿನ ಸದಸ್ಯರ ಹೆಸರುಗಳಿರುವ ಡಾಸ್ ಪಟ್ಟಿಯ ಒಬ್ಬರಿಂದ ನೇರ ಸಂತತಿಯೆಂದು ತೋರಿಸಬೇಕು.

ಆದರೆ ಆ ಪಟ್ಟಿಗಾಗಿ ತುಂಬಿದ ಕಾರ್ಡುಗಳಲ್ಲಿ ಪ್ರತಿಯೊಬ್ಬರ ತಂದೆತಾಯಿಯ ಹೆಸರಿಗೂ ಜಾಗವಿತ್ತು. ತೀರಿಕೊಂಡಿದ್ದರೆ ಹೆಸರಿನ ಮುಂದೆ ‘ಮೃತ’ ಎಂದು ಗುರುತಿಸುತ್ತಿದ್ದರು. ಪಟ್ಟಿಯ ಕಾಲಕ್ಕೆ ಮೊದಲೇ ಮಣ್ಣಾಗಿದ್ದ ಹೆಂಗಸು ತಾನಾಗಿ ಅದರಲ್ಲಿ ಸೇರಲಾರಳು. ಮಗಳ ಕಾರ್ಡಿನಲ್ಲಿ ತಾಯಿಯಾಗಿ ಮಾತ್ರ ಕಾಣಿಸುತ್ತಾಳೆ. ಅತ್ತಿಗೆ ತಮ್ಮ ಮುತ್ತಜ್ಜಿಯ ತಾಯಿಯನ್ನು ಹೀಗೆಯೇ ಹಿಡಿದಿದ್ದರು: ಕಾರ್ಡಿನ ಹೆಸರು, ಕಲ್ಲಿನ ಇಸವಿ, ಪಕ್ಕದ ಸಮಾಧಿಯ ಸೋದರಿ. ಕುಲದ ಹೆಸರು ಮಾತ್ರ ಎಲ್ಲೂ ಬರೆದಿರಲಿಲ್ಲ, ಅದನ್ನು ಒಬ್ಬ ಅತ್ತೆಯ ಬಾಯಿಂದ ಕೇಳಬೇಕಾಯಿತಂತೆ.

ಪಕ್ಕದ ಸಮಾಧಿ ಎಂಬ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. 1834ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿಗೆ ಬಂದ ಮೇಲೆ ದೀಕ್ಷಾಸ್ನಾನ ಪಡೆದ ಬಿಲ್ಲವ ಮನೆತನಗಳಲ್ಲಿ ನಮ್ಮದೂ ಒಂದು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಲೆಕ್ಕ ಅಲ್ಲಿಗೆ ಮುಗಿದು, ಸಮಾಧಿ ರಿಜಿಸ್ಟರಿನಲ್ಲಿ ಹೆಂಗಸರು ಗಂಡಂದಿರ ಹೆಸರಿನ ಹಿಂದೆ ಅಡಗಿ ಕುಳಿತರು. ಆ ರಿಜಿಸ್ಟರನ್ನು ನಾನು ಮೂರು ಸಲ ಓದಿದ್ದೆ, ಅಜ್ಜಿಯ ಸಾಲನ್ನು ಮಾತ್ರ. ನಾಲ್ಕನೆಯ ಸಲ, ಅವಳ ಬಲಕ್ಕೆ ಮಲಗಿದ ಹೆಂಗಸಿನ ಸಾಲನ್ನು ಹುಡುಕಿದೆ. ಆಕೆ ಮದುವೆಯಾಗದೆ ಇಪ್ಪತ್ತೆರಡಕ್ಕೆ ಜ್ವರದಿಂದ ತೀರಿಕೊಂಡ ತಂಗಿ. ಗಂಡನಿಲ್ಲದ್ದರಿಂದ ಗುಮಾಸ್ತರು ಬೇರೆ ದಾರಿ ಕಾಣದೆ ತಂದೆತಾಯಿಯ ಹೆಸರನ್ನೂ ಹುಟ್ಟೂರನ್ನೂ ಬರೆದಿದ್ದರು: ಮೂಲ್ಕಿಯ ಬಳಿಯ ಒಂದು ಹಳ್ಳಿ.

ಸಭಾಪಾಲಕರ ಅನುಮತಿ ಪಡೆದು ಆ ಪುಟದ ಫೋಟೋ ತೆಗೆದುಕೊಂಡು, ಮರುವಾರ ಆ ಹಳ್ಳಿಗೆ ಹೋದೆ. ಮತಾಂತರವಾಗದೆ ಉಳಿದ ಕವಲು ಎಂದು ಊರವರು ತೋರಿಸಿದ ಮನೆಯ ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ನನ್ನ ಹೆಸರನ್ನಾಗಲಿ ಕೆಲಸವನ್ನಾಗಲಿ ಕೇಳಲಿಲ್ಲ. “ಈರೆನ ಬರಿ ಒವು?” ಎಂದರು, ನಿಮ್ಮ ಬರಿ ಯಾವುದು ಎಂದು. ಗೊತ್ತಿಲ್ಲವೆಂದು ಒಪ್ಪಿಕೊಂಡು, ಫೋಟೋದಲ್ಲಿದ್ದ ತಾಯಿಯ ಹೆಸರನ್ನು ಗಟ್ಟಿಯಾಗಿ ಓದಿದೆ. ಅವರು ಇನ್ನೊಮ್ಮೆ ಓದಿಸಿದರು. ಆಮೇಲೆ ಗೋಡೆ ಹಿಡಿದು ಎದ್ದು, ತಮ್ಮ ಅಕ್ಕನನ್ನು ಕರೆತರಲು ಒಳಗೆ ಹೋದರು.