ಕಣ್ಣು ಮುಚ್ಚಿದರೆ ಯೋಚನೆಗಳೇ ಹೆಚ್ಚಾಗುತ್ತವೆ, ಏನು ಮಾಡಲಿ?

ಕಲಬುರಗಿಯ ನಮ್ಮ ಬಡಾವಣೆಯಲ್ಲಿ ಬೆಳಗಿನ ಹೊತ್ತು ನೆರೆಹೊರೆಯವರಿಗೆ ಯೋಗ ಹೇಳಿಕೊಡುತ್ತೇನೆ. ಅಲ್ಲಿಗೆ ಬರುವವರು, ಮದುವೆ ಮನೆಯಲ್ಲಿ ಸಿಕ್ಕವರು, ಬ್ಯಾಂಕಿನ ಸಾಲಿನಲ್ಲಿ ಗುರುತು ಹಿಡಿದವರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಒಂದನ್ನೇ: “ಅಕ್ಕಾ, ಮನಸ್ಸು ಹಗುರಾಗಲಿ ಎಂದು ಕಣ್ಣು ಮುಚ್ಚಿ ಕುಳಿತರೆ ಇಲ್ಲದ ಯೋಚನೆಗಳೆಲ್ಲ ನುಗ್ಗುತ್ತವೆ. ಧ್ಯಾನ ನನ್ನ ಕೈಲಾಗದ ಕೆಲಸವೇ?”

ಹಾಗಾದರೆ ಕಣ್ಣು ಮುಚ್ಚಬೇಡಿ ಎನ್ನುತ್ತೇನೆ.

ಕೇಳಿದವರು ನಂಬುವುದಿಲ್ಲ. ಆದರೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಿರಿಯರು ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಕಣ್ಣು ತೆರೆದೇ ಅದರಲ್ಲಿ ದೃಷ್ಟಿ ನೆಡುತ್ತಾರೆ. ಅದು ಪೂಜೆ, ದೀಕ್ಷೆಗೆ ಸೇರಿದ ಸಂಗತಿ. ಅದನ್ನು ಒತ್ತಡ ಇಳಿಸುವ ಉಪಾಯ ಎಂದು ಕರೆಯಲು ನನಗೆ ಮನಸ್ಸಿಲ್ಲ. ಆದರೂ ಕಣ್ಣಿಗೊಂದು ನೆಲೆ ಸಿಕ್ಕರೆ ಮನಸ್ಸಿನ ಅಲೆದಾಟ ತಗ್ಗುತ್ತದೆ ಎಂಬ ತಿಳಿವು ಅದರಲ್ಲಿದೆ. ವಿಶ್ರಾಂತಿಯಷ್ಟೇ ಬೇಕಾದ ಹೊಸಬರು ಎದುರಿನ ನೆಲದಲ್ಲಿ, ಎರಡು ಶಹಾಬಾದ್ ಕಲ್ಲುಗಳು ಕೂಡುವ ಗೆರೆಯ ಮೇಲೆ ದೃಷ್ಟಿ ಇಳಿಸಿದರೂ ಸಾಕು. ದಿಟ್ಟಿಸುವುದು ಬೇಡ, ರೆಪ್ಪೆ ತನ್ನ ಪಾಡಿಗೆ ಬಡಿಯಲಿ.

ಇನ್ನು ಉಸಿರು. ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದನ್ನು ಉದ್ದ ಮಾಡಿ. ಮನಸ್ಸಿನಲ್ಲೇ ನಾಲ್ಕು ಎಣಿಸುತ್ತ ಮೂಗಿನಿಂದ ತೆಗೆದುಕೊಳ್ಳಿ, ಆರು ಎಣಿಸುತ್ತ ಬಿಡಿ. ಉಸಿರು ಹೊರಗೆ ಹೋಗುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ವೇಗಸ್ ಎಂಬ ನರದ ಕೆಲಸ ಅದು. ಸುಮ್ಮನಿದ್ದಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಈ ಎಣಿಕೆಯಲ್ಲಿ ಅದು ಆರರ ಆಸುಪಾಸಿಗೆ ಇಳಿಯುತ್ತದೆ. ತಲೆ ಸುತ್ತಿದಂತಾದರೆ, ಎದೆ ಬಿಗಿದರೆ ಎಣಿಕೆ ಬಿಟ್ಟು ಸಹಜವಾಗಿ ಉಸಿರಾಡಿ. ಉಸಿರನ್ನು ಒಳಗೇ ತಡೆದು ಹಿಡಿಯುವ ಕುಂಭಕವನ್ನು ವಿಡಿಯೋ ನೋಡಿ ಕಲಿಯಲು ಹೋಗುವವರನ್ನು ಕಂಡರೆ ನನಗೆ ಭಯವಾಗುತ್ತದೆ. ರಕ್ತದೊತ್ತಡ ಇರುವವರಂತೂ ಅದರ ಹತ್ತಿರ ಹೋಗಬಾರದು.

ಇಷ್ಟು ಮಾಡಿದರೂ ಯೋಚನೆಗಳು ಬರುತ್ತವೆ. ಮಗಳ ಫೀಸು, ತೊಗರಿಯ ದರ, ಯಾರೋ ಅಂದ ಮಾತು. ಕುಳಿತದ್ದರಿಂದ ಅವು ಹುಟ್ಟಲಿಲ್ಲ. ದಿನವಿಡೀ ಇದ್ದವು, ಕೆಲಸದ ಗದ್ದಲದಲ್ಲಿ ಗಮನಕ್ಕೆ ಬಂದಿರಲಿಲ್ಲ ಅಷ್ಟೇ. ನನ್ನ ಮನಸ್ಸು ಕೊಂಬೆಯ ಮೇಲಿನ ಮಂಗನಂತೆ ಹಾರುತ್ತದೆ ಎಂದು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೇ ಹೇಳಿಕೊಂಡಿದ್ದಾರೆ. ಅವರು ಬಾಳಿದ ಕಲ್ಯಾಣ ಇಲ್ಲೇ ಪಕ್ಕದ ಬೀದರ್ ಜಿಲ್ಲೆಯಲ್ಲಿದೆ. ಅಮೆರಿಕದ ಹೃದ್ರೋಗ ವೈದ್ಯ ಹರ್ಬರ್ಟ್ ಬೆನ್ಸನ್ 1970ರ ದಶಕದಲ್ಲಿ ಧ್ಯಾನ ಮಾಡುವವರ ದೇಹವನ್ನು ಪರೀಕ್ಷಿಸಿ, ಆಗ ದೇಹ ಬಳಸುವ ಆಮ್ಲಜನಕವೂ ಉಸಿರಾಟದ ವೇಗವೂ ಇಳಿಯುವುದನ್ನು ಕಂಡರು. ಅವರು ಹೇಳಿದ ಕ್ರಮ ಬಹಳ ಸರಳ. ಒಂದು ಪದವನ್ನು ಉಸಿರಿನ ಜೊತೆ ಮೆಲ್ಲಗೆ ನೆನೆಯುತ್ತಿರುವುದು, ಯೋಚನೆ ಬಂದಾಗ ಅದರೊಡನೆ ಗುದ್ದಾಡದೆ ಮತ್ತೆ ಆ ಪದಕ್ಕೆ ಬರುವುದು. ಯೋಚನೆ ಬಂದೇ ಬರುತ್ತದೆ ಎಂದು ಒಪ್ಪಿಕೊಂಡೇ ಮಾಡಿದ ಕ್ರಮವದು. ಪದ ನಿಮ್ಮದೇ ಆಗಲಿ. ಓಂ ನಮಃ ಶಿವಾಯ ಆಗಬಹುದು, ಅಲ್ಲಾಹನ ಹೆಸರಾಗಬಹುದು, ಬರಿಯ “ಒಂದು” ಕೂಡ ಆಗಬಹುದು.

ಪದ್ಮಾಸನ ಬೇಕಿಲ್ಲ. ಮಂಡಿ ನೋವಿದ್ದವರು ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೂರಿ ಕೂರಲಿ. ನೆಲದ ಮೇಲೇ ಕೂರುವುದಾದರೆ ಕೌದಿಯನ್ನು ಮಡಚಿ ಕೆಳಗೆ ಹಾಕಿಕೊಳ್ಳಿ. ಸೊಂಟ ಮಂಡಿಗಿಂತ ಎತ್ತರಕ್ಕೆ ಬಂದು ಬೆನ್ನು ತಾನಾಗಿ ನೇರವಾಗುತ್ತದೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಮಧ್ಯಾಹ್ನ ಕುಳಿತು ಬೆವರು ಒರೆಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಆಗ ಸೂರ್ಯ ಏರುವ ಮೊದಲೇ ಮಾಳಿಗೆಯ ಮೇಲೆ ಕುಳಿತರೆ ಚೆನ್ನ. ಆ ಹೊತ್ತಿಗೆ ಆಜಾನ್, ಗುಡಿಯ ಧ್ವನಿವರ್ಧಕ, ಹಾಲಿನವನ ಗಾಡಿ ಎಲ್ಲವೂ ಕೇಳುತ್ತವೆ. ಕೇಳಲಿ. ಶಬ್ದ ಬಂತು, ಶಬ್ದ ಹೋಯಿತು ಎಂದು ಗಮನಿಸುವುದೂ ಧ್ಯಾನವೇ.

ನಿಶ್ಶಬ್ದದಲ್ಲೇ ಒಮ್ಮೆ ಕುಳಿತು ನೋಡಬೇಕೆನ್ನುವವರಿಗೆ ವಿಶ್ವವಿದ್ಯಾಲಯದ ಬಳಿಯ ಬುದ್ಧ ವಿಹಾರವಿದೆ, 2009ರಲ್ಲಿ ಉದ್ಘಾಟನೆಯಾದದ್ದು. ಉಸಿರನ್ನು ಗಮನಿಸುವ ಆನಾಪಾನಸತಿ ಬುದ್ಧನ ಉಪದೇಶ. ಸನ್ನತಿಯ ಹತ್ತಿರ ಭೀಮಾ ತೀರದ ಕನಗನಹಳ್ಳಿಯಲ್ಲಿ ಅವನ ನೆನಪಿಗೆ ಎದ್ದ ಸ್ತೂಪದ ಅವಶೇಷ, ಅಶೋಕನ ಹೆಸರು ಕೊರೆದ ಶಿಲ್ಪ ಎರಡೂ ಸಿಕ್ಕಿವೆ. ಹೊರಗಿನಿಂದ ಬಂದ ಹೊಸ ಹುಚ್ಚು ಇದು ಎಂದು ಗೊಣಗುವ ಹಿರಿಯರಿಗೆ ನಾನು ಕನಗನಹಳ್ಳಿಯ ದಾರಿ ತೋರಿಸುತ್ತೇನೆ.

ಮೊದಲ ವಾರಗಳಿಗೆ ದಿನಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಹತ್ತು ದಿನ ಮೌನವಿರುವ ಶಿಬಿರಕ್ಕೆ ಮೊದಲ ಹೆಜ್ಜೆಯಲ್ಲೇ ಹೋಗಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಕುಳಿತಾಗಲೆಲ್ಲ ಗಾಬರಿ ಹೆಚ್ಚುತ್ತಿದ್ದರೆ, ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕೇ ಬೇಡ ಎನಿಸುತ್ತಿದ್ದರೆ ಧ್ಯಾನವನ್ನು ನಂಬಿ ಕಾಯಬೇಡಿ, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ.

ಇದೇ ಪ್ರಶ್ನೆಯನ್ನು ಹೆಂಡತಿಯ ಪರವಾಗಿ ಕೇಳುವ ಗಂಡಸರೂ ಇದ್ದಾರೆ: “ಅವಳಿಗೆ ಸಿಟ್ಟು ಬಹಳ, ಸ್ವಲ್ಪ ಧ್ಯಾನ ಕಲಿಸಿರಿ.” ಕಲಿಸುತ್ತೇನೆ ಅಣ್ಣಾ, ಸಂತೋಷದಿಂದ ಕಲಿಸುತ್ತೇನೆ. ಆದರೆ ನಸುಕಿಗೆದ್ದು ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ಅತ್ತೆಯ ಮಾತ್ರೆ ನೆನಪಿಟ್ಟು ಓಡಾಡುವವಳಿಗೆ ಉಸಿರು ಎಣಿಸುವುದು ಕಷ್ಟದ ಕೆಲಸವೇನಲ್ಲ, ಕೂರಲು ಹೊತ್ತು ಸಿಗುವುದು ಕಷ್ಟ. ಆಕೆ ಕುಳಿತ ಹತ್ತು ನಿಮಿಷ ಆಕೆಯನ್ನು ಯಾರೂ ಕೂಗದಂತೆ ನೋಡಿಕೊಳ್ಳಿ. ಬಾಗಿಲು ಬಡಿದರೆ ನೀವೇ ಎದ್ದು ತೆರೆಯಿರಿ, ಆ ಹೊತ್ತಿನ ಚಹಾ ನೀವೇ ಮಾಡಿಕೊಳ್ಳಿ.