ಟ್ಯಾಂಕಿನ ಕೆಳಗೆ ಸಿಕ್ಕ ಕೆಂಪು

18 ಜನವರಿ 2026, ಭಾನುವಾರ
ಕಾರಟಗಿ

ಇವತ್ತು ಕೊನೆಗೂ ಟ್ರಾಕ್ಟರಿಗೆ ಬಣ್ಣ ಬಿತ್ತು. ಮಡ್‌ಗಾರ್ಡ್ ಎರಡೂ ಮುಗಿದವು, ಬಾನೆಟ್ ಮಾತ್ರ ಬಾಕಿ. ಅದು ಯಾಕೆ ಉಳಿಯಿತು ಅನ್ನೋದನ್ನ ಆಮೇಲೆ ಬರೆಯುತ್ತೇನೆ.

ಅಪ್ಪ 1982ರಲ್ಲಿ ತಂದ ಮ್ಯಾಸ್ಸಿ 1035 ಇದು. ಈ ಸಲ ಎರಡನೇ ಬೆಳೆಗೆ ಕಾಲುವೆ ನೀರಿಲ್ಲ. ತುಂಗಭದ್ರಾ ಡ್ಯಾಮಿನ 33 ಗೇಟು ಬದಲಿಸುವ ಕೆಲಸ ನಡೆದಿದೆ. ಬೇರೆ ವರ್ಷವಾದರೆ ಈ ಹೊತ್ತಿಗೆ ಕೇಜ್‌ವೀಲ್ ಅನ್ನೋ ಕಬ್ಬಿಣದ ಗಾಲಿ ಕಟ್ಟಿಕೊಂಡು ಗದ್ದೆ ಕೆಸರಲ್ಲಿ ಇರಬೇಕಿತ್ತು. ಹೊಲ ಖಾಲಿ, ಟ್ರಾಕ್ಟರ್ ಖಾಲಿ, ನಾನೂ ಖಾಲಿ. ಕೊಪ್ಪಳದ ಗವಿಮಠದ ಜಾತ್ರೆ ಮುಗಿಸಿಕೊಂಡು ಬಂದವನೇ ಬಿಚ್ಚೋಕೆ ಕೂತೆ.

ಎಲ್ಲಕ್ಕಿಂತ ಜಾಸ್ತಿ ದಿನ ತಿಂದದ್ದು ಯಾವ ಕೆಂಪು ಅನ್ನೋ ಪ್ರಶ್ನೆ. ಮೇಲೆ ಕಾಣುತ್ತಿದ್ದ ಬಣ್ಣ ನಂಬುವ ಹಾಗಿರಲಿಲ್ಲ. ಬಿಸಿಲಿಗೆ ಬಿಳಚಿ ಗುಲಾಬಿ ಆಗಿತ್ತು. ಕೈ ಒರೆಸಿದರೆ ಸೀಮೆಸುಣ್ಣದ ಪುಡಿಯ ಹಾಗೆ ಅಂಟುತ್ತಿತ್ತು. ಅದರ ಮೇಲೆ 2009ರಲ್ಲಿ ಒಬ್ಬ ಪೇಂಟರ್ ಹೊಡೆದ ಇನ್ನೊಂದು ಕೆಂಪು ಬೇರೆ. ಗ್ರೀಸ್ ಸರಿಯಾಗಿ ತೊಳೆಯದೆ ಹೊಡೆದಿದ್ದ, ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತಿತ್ತು.

ಮೊನ್ನೆ ಡೀಸೆಲ್ ಟ್ಯಾಂಕ್ ಇಳಿಸಿದಾಗ ಉತ್ತರ ಸಿಕ್ಕಿತು. ಟ್ಯಾಂಕ್ ಕೂರುವ ಪಟ್ಟಿಯ ಅಡಿಯಲ್ಲಿ ಒಂದು ಬೆರಳಗಲ ಜಾಗ. ಬಿಸಿಲು ಕಂಡಿಲ್ಲ, ಮಳೆ ಕಂಡಿಲ್ಲ, 2009ರ ಪೇಂಟರ್‌ನ ಸ್ಪ್ರೇ ಗನ್ನೂ ತಲುಪಿಲ್ಲ. ಮೇಲಿನ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ರಬ್ಬಿಂಗ್ ಕಾಂಪೌಂಡ್ ಹಾಕಿ ಮೆಲ್ಲಗೆ ಉಜ್ಜಿದೆ. ಹಣ್ಣಾದ ಟೊಮ್ಯಾಟೋ ಬಣ್ಣ ಮೇಲೆ ಬಂತು. ರಕ್ತಗೆಂಪಲ್ಲ, ಸ್ವಲ್ಪ ಕಿತ್ತಳೆ ಕಡೆಗೆ ವಾಲಿದ ಕೆಂಪು. ಸುಮ್ನೆ ನೋಡುತ್ತಾ ಕೂತುಬಿಟ್ಟೆ. ಚಿಕ್ಕವನಿದ್ದಾಗ ಅಂಗಳದಲ್ಲಿ ನಿಂತಿದ್ದದ್ದು ಇದೇ ಬಣ್ಣ.

ಆ ಪಟ್ಟಿಯನ್ನೇ ಚೀಲದಲ್ಲಿ ಹಾಕಿಕೊಂಡು ಗಂಗಾವತಿಗೆ ಹೋದೆ. ಅಂಗಡಿಯ ಶೇಡ್ ಕಾರ್ಡಿನಲ್ಲಿ ಸಿಗ್ನಲ್ ರೆಡ್ ಹತ್ತಿರ ಬಂತು, ಪೋಸ್ಟ್ ಆಫೀಸ್ ರೆಡ್ ತೀರಾ ಗಾಢ. ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಎರಡೂ ಒಂದೇ ಅನ್ನಿಸುತ್ತವೆ, ಬಿಸಿಲಿಗೆ ತಂದಾಗಲೇ ಗೊತ್ತಾಗೋದು. ಸಿಗ್ನಲ್ ರೆಡ್ ತಂದು, ಮನೆಯಲ್ಲಿ ಡಬ್ಬಿ ಮುಚ್ಚಳಗಳ ಮೇಲೆ ಕಿತ್ತಳೆ ಬಣ್ಣವನ್ನು ಹನಿ ಹನಿಯಾಗಿ ಸೇರಿಸಿ ಹಚ್ಚಿದೆ. ಹಸಿ ಬಣ್ಣ ಮೋಸ ಮಾಡುತ್ತದೆ, ಒಣಗಿದ ಮೇಲೆ ಬೇರೆಯೇ ಕಾಣುತ್ತದೆ. ಹಾಗಾಗಿ ಒಂದೊಂದು ಮುಚ್ಚಳಕ್ಕೂ ಒಂದು ರಾತ್ರಿ ಕಾಯಬೇಕು. ಲೀಟರಿಗೆ 50 ಮಿಲಿ ಕಿತ್ತಳೆ ಹಾಕಿದ ಮುಚ್ಚಳ ಪಟ್ಟಿಯ ಪಕ್ಕ ಇಟ್ಟರೆ ಕೂಡಿಕೊಂಡಿತು.

ಅಂಗಡಿಯವರು ಪಿಯು, ಅಂದರೆ ಪಾಲಿಯುರೆಥೇನ್ ಬಣ್ಣ ತಗೊಳ್ಳಿ, ಹೊಳಪು ಜಾಸ್ತಿ, ಡೀಸೆಲ್ ಬಿದ್ದರೂ ಏನೂ ಆಗಲ್ಲ ಅಂದರು. ನಿಜ. ಆದರೆ ಅದನ್ನು ಗಟ್ಟಿ ಮಾಡಲು ಬೆರೆಸುವ ಹಾರ್ಡನರ್‌ನಲ್ಲಿ ಐಸೋಸಯನೇಟ್ ಅನ್ನೋ ರಾಸಾಯನಿಕ ಇರುತ್ತದೆ. ಗನ್ನಿನಿಂದ ಹೊಡೆಯುವಾಗ ಅದು ಉಸಿರಲ್ಲಿ ಹೋದರೆ ಆಸ್ತಮಾ ಹತ್ತಬಹುದು. ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಬೇಕು. ಮೂಗಿಗೆ ಟವೆಲ್ ಕಟ್ಟಿಕೊಂಡು ಪಿಯು ಹೊಡೆಯುವ ಹುಡುಗರನ್ನು ನೋಡಿದಾಗೆಲ್ಲ ಸಂಕಟ ಆಗುತ್ತದೆ. ನಾನು ಸಿಂಥೆಟಿಕ್ ಎನಾಮೆಲ್ ತಂದೆ. ಅದಕ್ಕೂ ಕಾರ್ಟ್ರಿಜ್ ಮಾಸ್ಕ್ ಹಾಕಿಕೊಂಡೇ ಹೊಡೆದೆ. ನಾಳೆ ಎಲ್ಲಾದರೂ ಗೀರು ಬಿದ್ದರೆ ಬ್ರಷ್‌ನಲ್ಲೇ ತಿದ್ದಬಹುದು, ಅಲ್ವಾ?

ಎಂಜಿನ್ ಕಪ್ಪು ಮಾಡು, ಚೆಂದ ಕಾಣುತ್ತದೆ ಅಂತ ಇಬ್ಬರು ಮೂವರು ಹೇಳಿದರು. ಒಪ್ಪಲಿಲ್ಲ. ಹ್ಯಾರಿ ಫರ್ಗ್ಯೂಸನ್ ಕಂಪನಿಯ ಟಿಇ20 ಟ್ರಾಕ್ಟರ್ ಮೈಯೆಲ್ಲ ಬೂದು. ಮ್ಯಾಸ್ಸಿ ಹ್ಯಾರಿಸ್ ಗಾಡಿಗಳು ಕೆಂಪು. 1953ರಲ್ಲಿ ಎರಡು ಕಂಪನಿ ಕೂಡಿದವು, 1957ರ ಕೊನೆಗೆ ಕೆಂಪು ತಗಡು, ಬೂದು ಎಂಜಿನ್ ಬಂತು. ಎರಡು ಮನೆತನದ ಗುರುತು ಅದು. ಬೂದು ಹಾಗೇ ಇರಲಿ. ಸೈಲೆನ್ಸರ್‌ಗೆ ಮಾತ್ರ ಶಾಖ ತಡೆಯುವ ಅಲ್ಯುಮಿನಿಯಂ ಪೇಂಟ್, ಮಾಮೂಲಿ ಬಣ್ಣ ಅಲ್ಲಿ ಸುಟ್ಟು ಉದುರುತ್ತದೆ.

ತಯಾರಿಯ ಕಥೆ ಬರೆದರೆ ಮುಗಿಯೋದಿಲ್ಲ. ಫುಟ್‌ಬೋರ್ಡ್ ಅಡಿಯಲ್ಲಿ ಎಷ್ಟೋ ವರ್ಷದ ಗದ್ದೆ ಕೆಸರು ಗಟ್ಟಿಯಾಗಿ ಕೂತಿತ್ತು, ಕೆರೆದರೆ ತಗಡೇ ತೂತು. ಅಲ್ಲಿ ತುಂಡು ಹಾಕಿ ವೆಲ್ಡ್ ಮಾಡಿಸಿದೆ. ಹಳೇ ಬಣ್ಣವನ್ನು ಒಣ ಉಜ್ಜಲಿಲ್ಲ, ನೀರು ಹಾಕಿಕೊಂಡೇ ಉಜ್ಜಿದೆ. ಆ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆ ಬಣ್ಣಕ್ಕೇ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದು ಅನ್ನೋ ಮಿತಿ ಬಂದದ್ದು 2017ರಲ್ಲಿ. ಮೊಮ್ಮಕ್ಕಳನ್ನು ಆ ಕಡೆ ಬಿಡಲೇ ಇಲ್ಲ. ಉಜ್ಜಿ ಒಣಗಿಸಿದ ತಗಡಿಗೆ ಅವತ್ತೇ ಪ್ರೈಮರ್. ಒಂದು ರಾತ್ರಿ ಬಿಟ್ಟರೂ ಇಬ್ಬನಿಗೆ ತೆಳ್ಳಗೆ ತುಕ್ಕು ಹಿಡಿಯುತ್ತದೆ. ಮೊದಲು ಕಂದು ರೆಡ್ ಆಕ್ಸೈಡ್, ಅದರ ಮೇಲೆ ತಿಳಿ ಬೂದು ಪ್ರೈಮರ್. ಕೆಂಪಿಗೆ ಮುಚ್ಚುವ ಶಕ್ತಿ ಕಡಿಮೆ. ಕೆಳಗೆ ಕಂದು ಅಲ್ಲಲ್ಲಿ ಇಣುಕಿದರೆ ಮೇಲಿನ ಕೆಂಪು ಮಚ್ಚೆ ಮಚ್ಚೆ ಆಗುತ್ತದೆ.

ಇವತ್ತು ಒಂಬತ್ತಾದ ಮೇಲೆ ಶುರು ಮಾಡಿದೆ. ಅದಕ್ಕಿಂತ ಮೊದಲು ತಗಡು ಮುಟ್ಟಿದರೆ ತಣ್ಣಗೆ, ಬೆವರಿದ ಹಾಗೆ ಇರುತ್ತದೆ. ಕಂಪ್ರೆಸರ್ ಟ್ಯಾಂಕಿನ ನೀರು ಬಿಟ್ಟೆ. ಗನ್ ಎಂಟಿಂಚು ದೂರ, ಒಂದು ಎಳೆತದ ಅರ್ಧದ ಮೇಲೆ ಇನ್ನೊಂದು ಎಳೆತ. ಮೊದಲ ಕೋಟ್ ತೆಳ್ಳಗೆ, ಕೆಳಗಿನ ಬೂದು ಕಾಣುವಷ್ಟು. ಆಗ ಕೈ ಕಟ್ಟಿಕೊಂಡು ನಿಲ್ಲೋದೇ ಕಷ್ಟ, ಇನ್ನಷ್ಟು ಹೊಡೆಯಬೇಕು ಅನ್ನಿಸುತ್ತದೆ. ಹೊಡೆದರೆ ಬಣ್ಣ ಕೆಳಗೆ ಸೋರಿ ಇಳಿಯುತ್ತದೆ. ಕಾಲು ಗಂಟೆ ಬಿಟ್ಟು ಎರಡನೇ ಕೋಟ್ ತುಂಬಿ ಹೊಡೆದೆ. ಮಡ್‌ಗಾರ್ಡಿನ ಬಾಗಿದ ಬೆನ್ನಿನ ಮೇಲೆ ಚಪ್ಪರದ ಗಳು, ಆಕಾಶ, ನನ್ನ ತಲೆ ಎಲ್ಲ ಕಂಡವು.

ಹನ್ನೊಂದಕ್ಕೆ ಬಾನೆಟ್ ಹಿಡಿದೆ. ಮೊದಲ ಕೋಟ್ ಮುಗಿಯುವಾಗ ಮೂಡಗಾಳಿ ಎದ್ದಿತು. ಅಕ್ಕಿ ಮಿಲ್ಲು ಆ ಕಡೆಗೇ ಇದೆ. ತೌಡಿನಂತೆ ಹಗುರ ಕಪ್ಪು ಬೂದಿ ತೇಲಿ ಬಂದು ಹಸಿ ಕೆಂಪಿನ ಮೇಲೆ ಕೂತಿತು. ಎಣಿಸಿದೆ, ಹದಿನೇಳು ಚುಕ್ಕೆ. ಸೂಜಿಯಲ್ಲಿ ಒಂದನ್ನು ಎತ್ತಲು ಹೋದೆ, ಉದ್ದಕ್ಕೆ ಗೆರೆ ಬಂತು. ಉಳಿದ ಹದಿನಾರನ್ನು ಮುಟ್ಟಲಿಲ್ಲ.

ಎನಾಮೆಲ್ ಅರೆ ಒಣಗಿದಾಗ ಮೇಲೆ ಇನ್ನೊಂದು ಕೋಟ್ ಹೊಡೆದರೆ ಕೆಳಗಿನದು ಸುಕ್ಕುಗಟ್ಟುತ್ತದೆ. ಒಂದು ವಾರ ಬಿಡಬೇಕು. ಆಮೇಲೆ ನೀರು ಹಾಕಿ ಉಜ್ಜುವ 600ರ ವಾಟರ್ ಪೇಪರ್‌ನಲ್ಲಿ ಬೂದಿ ತೆಗೆದು, ಮೂಡಣ ಕಡೆ ತಾಡಪಾಲು ಕಟ್ಟಿ, ಒಂಬತ್ತರಿಂದ ಹನ್ನೊಂದರ ಒಳಗೆ ಮುಗಿಸಬೇಕು.

ಅಮಾವಾಸ್ಯೆ ಅಂತ ಅವ್ವ ಸಂಜೆ ಪೂಜೆಯ ತಟ್ಟೆ ಹಿಡಿದು ಬಂದಳು. ಬಣ್ಣ ಹಸಿ ಇದೆ ಅಂದೆ. ಮಡ್‌ಗಾರ್ಡ್ ಮುಟ್ಟದೆ, ಬಗ್ಗಿ ಗಾಲಿಯ ಟೈರಿಗೆ ವಿಭೂತಿ ಹಚ್ಚಿದಳು. ಎದ್ದು ನಿಂತು ಕೆಂಪನ್ನು ನೋಡಿ, "ತಂದ ದಿನ ಹಿಂಗೇ ಇತ್ತು" ಅಂದಳು.